40 ಫೋಟೋ ಬೇಡ ಮೇಡಂ, ಒಂದೇ ಸಾಕು

ಪುಣೆಯ ಮೇಡಂ ನಿನ್ನೆ ನಮ್ಮ ಮೇಷ್ಟ್ರುಗಳ ಗುಂಪಿನಲ್ಲಿ ಹಾಕಿದ್ದನ್ನು ಈಗ ಓದಿದೆ. ಒಂಬತ್ತನೆಯವರಿಗೆ ಒಂದೇ ಪೀರಿಯಡ್‌ನಲ್ಲಿ ಯುದ್ಧದ 40 ಫೋಟೋ ತೋರಿಸುವುದು, ಹಿಂದೆ ಮೆಲ್ಲಗೆ ಕೊಳಲು ಹಾಕುವುದು, ಕೊನೆಗೆ 'ಯುದ್ಧ ಬೇಡ' ಅಂತ ಒಂದು ಕವಿತೆ ಬರೆಸುವುದು. ಕೆಳಗೆ ಎಲ್ಲರೂ ಚಪ್ಪಾಳೆ ಒತ್ತಿದ್ದಾರೆ. ನಾನು ಒತ್ತಲಿಲ್ಲ. ಬೇಜಾರು ಮಾಡ್ಕೋಬೇಡಿ, ಇದೇ ಪಾಠ ನಾನೂ ಮಾಡಿದ್ದೆ. ಕೊಳಲು ಸಮೇತ.

ಆಗ ನಾನು ಮುಂಬೈಯ ಒಂದು ಕನ್ನಡ ರಾತ್ರಿ ಶಾಲೆಯಲ್ಲಿದ್ದೆ. ಇತಿಹಾಸವೂ ನನ್ನದೇ, ಕನ್ನಡವೂ ನನ್ನದೇ. ಹುಡುಗರಲ್ಲಿ ಮುಕ್ಕಾಲು ಪಾಲು ಹೋಟೆಲಿನವರು. ಬೆಳಗಿನ ಜಾವ ಎದ್ದವರು ಸಂಜೆ ಏಳಕ್ಕೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು, ಅಂಗಿಗೆ ಇನ್ನೂ ಸಾಂಬಾರಿನ ವಾಸನೆ. ನಾನು ಎಲ್ಲಿಂದಲೋ ಪ್ರೊಜೆಕ್ಟರ್ ಕಡ ತಂದು, ಕಿಟಕಿಗೆ ಬೆಡ್‌ಶೀಟ್ ಕಟ್ಟಿ, ಲೈಟ್ ಆರಿಸಿದೆ. ಲೈಟ್ ಆರಿಸಿದ್ದೇ ಮೊದಲ ತಪ್ಪು. ಎರಡನೇ ಮಹಾಯುದ್ಧ ಶುರುವಾಗುವ ಮೊದಲೇ ಹಿಂದಿನ ಬೆಂಚು ಗೊರಕೆ ಹೊಡೆಯುತ್ತಿತ್ತು. ಎಚ್ಚರ ಇದ್ದವರಿಗೆ ಹತ್ತನೇ ಹೆಣದವರೆಗೆ ಹೆದರಿಕೆ, ಹದಿನೈದರಿಂದ ತಮಾಷೆ. ವಿಯೆಟ್ನಾಮಿನ ಆ ಫೋಟೋ ಬಂತು, 1972ರದ್ದು, ನೇಪಾಮ್ ಎಂಬ ಬೆಂಕಿ ಬಾಂಬ್ ಸುಟ್ಟ ಹುಡುಗಿ ಬಟ್ಟೆ ಇಲ್ಲದೆ ರಸ್ತೆಯಲ್ಲಿ ಓಡಿ ಬರುವುದು. ಯಾರೋ ಕಿಸಕ್ಕನೆ ನಕ್ಕರು. ನಾನು ಕಿರುಚಿದೆ. ಲೈಟ್ ಹಾಕಿ ಹತ್ತು ನಿಮಿಷ ಮಾನವೀಯತೆಯ ಮೇಲೆ ಭಾಷಣ ಹೊಡೆದೆ.

ಭಾಷಣ ಮುಗಿದ ಮೇಲೆ ಮುಂದಿನ ಬೆಂಚಿನ ಒಬ್ಬ ಹುಡುಗ ಕೇಳಿದ, "ಸರ್, ಫೋಟೋ ತೆಗ್ದವ್ರು ಅವ್ಳಿಗೆ ನೀರು ಕೊಟ್ರಾ?" ಹೋಟೆಲಿನಲ್ಲಿ ಅವನ ಕೆಲಸ ನೀರು ಇಡುವುದು. ಗಿರಾಕಿ ಕೂತ ಕೂಡಲೇ ಎರಡು ಬೆರಳು ಒಳಗೆ ಹಾಕಿ ನಾಲ್ಕು ಗ್ಲಾಸ್ ಒಟ್ಟಿಗೆ ತರುವ ಹುಡುಗ. ನನಗೆ ಉತ್ತರ ಗೊತ್ತಿರಲಿಲ್ಲ. 40 ಫೋಟೋ ಒಟ್ಟು ಹಾಕಿದವನು ಒಂದರ ಬಗ್ಗೆಯೂ ಪೂರ್ತಿ ಓದಿರಲಿಲ್ಲ. "ಮುಂದಿನದು ನೋಡು" ಅಂದುಬಿಟ್ಟೆ.

(ಉತ್ತರ ಆಮೇಲೆ ಹುಡುಕಿದೆ. ಅಲ್ಲಿದ್ದ ಪತ್ರಕರ್ತರು ನೀರು ಕೊಟ್ಟಿದ್ದರು. ಆ ಫೋಟೋಗೆ ಹೆಸರಾದ ಫೋಟೋಗ್ರಾಫರ್ ನಿಕ್ ಊಟ್ ಮಕ್ಕಳನ್ನು ವ್ಯಾನಿಗೆ ಹತ್ತಿಸಿ ಆಸ್ಪತ್ರೆಗೆ ಸಾಗಿಸಿದ್ದರು. ಆದರೆ ಆ ಹುಡುಗನಿಗೆ ಹೇಳುವಷ್ಟರಲ್ಲಿ ಅವನು ಕೆಲಸ ಬಿಟ್ಟು ಊರಿಗೆ ಹೋಗಿಯಾಗಿತ್ತು.)

ಈಗ ನಾನು ಮಾಡುವುದನ್ನು ಹೇಳುತ್ತೇನೆ. ಒಂದು ಸಲಕ್ಕೆ ಒಂದೇ ಫೋಟೋ, ಒಟ್ಟು ನಾಲ್ಕು ಪೀರಿಯಡ್. ಹೌದು, ನಾಲ್ಕು. ಪೋರ್ಷನ್ ಮುಗಿಯಲ್ಲ ಅಂತ ಶುರು ಮಾಡಬೇಡಿ. ನಮ್ಮ ಮಹಾರಾಷ್ಟ್ರದ ಹತ್ತನೆಯ ಇತಿಹಾಸ ಪುಸ್ತಕದಲ್ಲಿ ಪ್ರಸಾರ ಮಾಧ್ಯಮ ಮತ್ತು ಇತಿಹಾಸ ಅಂತ ಒಂದು ಪಾಠವೇ ಇದೆ. ಎಂಟನೆಯದರಲ್ಲಿ 1857 ಇದೆ. ಮುಖ್ಯಾಧ್ಯಾಪಕರು ಕೇಳಿದರೆ ಅದನ್ನು ತೋರಿಸಿ.

ಮೊದಲ ಫೋಟೋದಲ್ಲಿ ಹೆಣ ಇರಬಾರದು. ಇದು ನನ್ನ ಹಠ. ನಾನು ಯಾವಾಗಲೂ ಬ್ರಿಟಿಷ್ ಫೋಟೋಗ್ರಾಫರ್ ರೋಜರ್ ಫೆಂಟನ್‌ನಿಂದ ಶುರು ಮಾಡುತ್ತೇನೆ. ರಷ್ಯಾದ ವಿರುದ್ಧ ಬ್ರಿಟನ್, ಫ್ರಾನ್ಸ್ ಕಾದಾಡಿದ ಕ್ರಿಮಿಯಾ ಯುದ್ಧ, 1855. ಬೋಳು ಗುಡ್ಡ, ನಡುವೆ ಒಂದು ರಸ್ತೆ, ರಸ್ತೆ ತುಂಬ ಫಿರಂಗಿ ಗುಂಡು. ಅಷ್ಟೇ, ಒಬ್ಬ ಮನುಷ್ಯನೂ ಇಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ತಾಣದಲ್ಲಿ ಫೆಂಟನ್ ತೆಗೆದ ಕ್ರಿಮಿಯಾ ಫೋಟೋಗಳು ಬಿಟ್ಟಿ ಸಿಗುತ್ತವೆ, ದೊಡ್ಡ ಸೈಜಿನವು. ಗೂಗಲ್‌ನಿಂದ ಚಿಕ್ಕ ಜೆಪೆಗ್ ಇಳಿಸಿ ಹಿಗ್ಗಿಸಬೇಡಿ. ಗುಂಡು ಯಾವುದು, ಕಲ್ಲು ಯಾವುದು ಗೊತ್ತಾಗಲ್ಲ, ಇಡೀ ಪಾಠ ಕೆಡುತ್ತದೆ.

ಎ3 ಸೈಜಿನ ಪ್ರಿಂಟ್, ಮ್ಯಾಟ್ ಕಾಗದದ ಮೇಲೆ. ಗ್ಲಾಸಿ ಬೇಡವೇ ಬೇಡ, ಟ್ಯೂಬ್‌ಲೈಟ್ ಅದರೊಳಗೇ ಕೂತುಬಿಡುತ್ತದೆ. ಲ್ಯಾಮಿನೇಷನ್ ಕೂಡ ಹಾಗೇ. ಐದು ಮಕ್ಕಳಿಗೆ ಒಂದು ಪ್ರಿಂಟ್. ಅದರ ಮೇಲೆ ಪುಸ್ತಕಕ್ಕೆ ಹಾಕುವ ಖಾಕಿ ಬೈಂಡು ಕಾಗದ, ನಡುವೆ ಬೆಂಕಿಪೊಟ್ಟಣದಷ್ಟು ಒಂದು ತೂತು. ಮಕ್ಕಳು ಇದಕ್ಕೆ 'ಕಿಟಕಿ' ಅಂತ ಹೆಸರಿಟ್ಟಿದ್ದಾರೆ. ಕಿಟಕಿಯನ್ನು ಎಡದಿಂದ ಬಲಕ್ಕೆ ಸರಿಸುತ್ತಾ ಹೋಗಬೇಕು. ಕಂಡದ್ದನ್ನು ಮಾತ್ರ ಬರೆಯಬೇಕು. ಪಾಪ, ಭಯಾನಕ, ಕ್ರೂರ, ಹೃದಯವಿದ್ರಾವಕ, ಇಂಥ ಪದ ಮೊದಲ ಪೀರಿಯಡ್‌ನಲ್ಲಿ ಬಳಸಿದವರಿಗೆ ಒಂದು ಮಾರ್ಕು ಕಡಿತ. ಕಲ್ಲು, ಗುಂಡು, ಚರಂಡಿ, ಗಾಡಿ ಚಕ್ರದ ಗುರುತು, ಆಕಾಶ. ಅಷ್ಟು ಸಾಕು.

(ಬೈಂಡು ಕಾಗದ, ಮಾರ್ಕರ್ ಎಲ್ಲ ಮುಂಬೈಯ ಅಬ್ದುಲ್ ರೆಹಮಾನ್ ಸ್ಟ್ರೀಟಿನಲ್ಲಿ ಹೋಲ್‌ಸೇಲ್ ತೆಗೆದುಕೊಳ್ಳಿ. ಅಂಟಿಗೆ ಫೆವಿಸ್ಟಿಕ್ ಸಾಕು, ನೀರಾದ ಗೋಂದು ಹಾಕಿದರೆ ಪ್ರಿಂಟ್ ಸುಕ್ಕಾಗುತ್ತದೆ. ಸ್ಮಾರ್ಟ್‌ಬೋರ್ಡ್ ಇದೆ ಅಂತ ಹೆಮ್ಮೆ ಪಡುವವರಿಗೆ ಒಂದು ಮಾತು: ಬೋರ್ಡಿನ ಮೇಲೆ ಫೋಟೋ ಹಾಕಿದರೆ ಎಲ್ಲರೂ ನಿಮ್ಮ ಮುಖ ನೋಡುತ್ತಾರೆ. ಪ್ರಿಂಟ್ ಕೈಗೆ ಕೊಟ್ಟರೆ ಫೋಟೋ ನೋಡುತ್ತಾರೆ. ಮಾಡಿ ನೋಡಿ.)

ಎರಡನೇ ಪೀರಿಯಡ್‌ಗೆ ಫೆಂಟನ್‌ನ ಇನ್ನೊಂದು ಫೋಟೋ ಕೊಡುತ್ತೇನೆ. ಅದೇ ಜಾಗ, ಅದೇ ಕೋನ. ಆದರೆ ರಸ್ತೆಯ ಮೇಲೆ ಗುಂಡುಗಳಿಲ್ಲ, ಎಲ್ಲ ಪಕ್ಕದ ಚರಂಡಿಯಲ್ಲಿವೆ. ಯಾವುದು ಮೊದಲು ತೆಗೆದದ್ದು? ಇಲ್ಲಿ ತರಗತಿ ಎರಡು ಪಕ್ಷವಾಗಿ ಒಡೆಯುತ್ತದೆ. ಸೈನಿಕರು ದಾರಿ ಬಿಡಿಸಲು ಗುಂಡು ಪಕ್ಕಕ್ಕೆ ಹಾಕಿದರು ಅಂತ ಅರ್ಧ ಜನ. ಫೋಟೋಗೆ ಚೆನ್ನಾಗಿ ಕಾಣಲಿ ಅಂತ ಫೆಂಟನ್ನೇ ತಂದು ಸುರಿಸಿದ ಅಂತ ಇನ್ನರ್ಧ. ಜಗಳ ಆಗಲಿ, ತಡೆಯಬೇಡಿ. ಎರೋಲ್ ಮೋರಿಸ್ ಎಂಬ ಅಮೆರಿಕದ ಸಿನಿಮಾ ನಿರ್ದೇಶಕ ಇದರ ಹಿಂದೆ ಬಿದ್ದು ಕ್ರಿಮಿಯಾಕ್ಕೇ ಹೋಗಿ ಬಂದರು. ಕೊನೆಗೆ ಸಾಕ್ಷಿ ಸಿಕ್ಕಿದ್ದು ಗುಂಡಿನಲ್ಲಲ್ಲ, ಇಳಿಜಾರಿನ ಸಣ್ಣ ಕಲ್ಲುಗಳಲ್ಲಿ. ರಸ್ತೆ ಖಾಲಿ ಇರುವ ಫೋಟೋದಲ್ಲಿ ಕೆಲವು ಕಲ್ಲು ಮೇಲಿವೆ. ಗುಂಡು ಇರುವುದರಲ್ಲಿ ಅವೇ ಕಲ್ಲು ಸ್ವಲ್ಪ ಕೆಳಗೆ ಉರುಳಿವೆ. ಜನ ಓಡಾಡಿ ತುಳಿದರೆ ಕಲ್ಲು ಕೆಳಗೆ ಬರುತ್ತದೆ, ಮೇಲೆ ಹತ್ತಲ್ಲ ಅಲ್ವಾ? ಅಂದರೆ ಖಾಲಿ ರಸ್ತೆ ಮೊದಲು. ಇದನ್ನು ನೀವು ಹೇಳಬೇಡಿ. ಹೋದ ವರ್ಷ ನನ್ನ ತರಗತಿಯ ಒಬ್ಬಳು ಘಾಟ್ಕೋಪರಿನ ಗುಡ್ಡದ ಮೇಲಿನ ಚಾಳಿನವಳು. ಮಳೆಗಾಲದಲ್ಲಿ ಮನೆ ಹಿಂದಿನ ಕಲ್ಲು ಎಷ್ಟು ಸರಿಯಿತು ಅಂತ ದಿನಾ ನೋಡುವವಳು. ಅವಳು ಹದಿನೈದು ನಿಮಿಷದಲ್ಲಿ ಬೆರಳಿಟ್ಟು ತೋರಿಸಿದಳು.

ಇಲ್ಲೇ ಸಾಹಿತ್ಯ ತಾನಾಗಿ ಬರುತ್ತದೆ. ಫೋಟೋದ ಹೆಸರು 'ಸಾವಿನ ನೆರಳಿನ ಕಣಿವೆ'. ಪದ ಬೈಬಲಿನದು, ಸೈನಿಕರು ಆ ಜಾಗಕ್ಕೆ ಇಟ್ಟಿದ್ದ ಹೆಸರು. ಅದಕ್ಕೆ ಕೆಲವೇ ತಿಂಗಳ ಹಿಂದೆ, 1854ರ ಡಿಸೆಂಬರ್‌ನಲ್ಲಿ, ಇದೇ ಯುದ್ಧದಲ್ಲಿ ಫಿರಂಗಿಗಳತ್ತ ನುಗ್ಗಿದ ಬ್ರಿಟಿಷ್ ಕುದುರೆ ದಳದ ಮೇಲೆ ಇಂಗ್ಲಿಷ್ ಕವಿ ಟೆನಿಸನ್‌ನ ಲೈಟ್ ಬ್ರಿಗೇಡ್ ಕವಿತೆ ಪ್ರಕಟವಾಗಿತ್ತು. ಅದರಲ್ಲೂ ಸಾವಿನ ಕಣಿವೆ ಬರುತ್ತದೆ. ಆದರೆ ಕುದುರೆ ದಳ ನುಗ್ಗಿದ ಕಣಿವೆಯೇ ಬೇರೆ, ಫೋಟೋದ ಕಣಿವೆಯೇ ಬೇರೆ. ನೋಡಿದವರು ಎರಡನ್ನೂ ಸೇರಿಸಿಕೊಂಡುಬಿಟ್ಟರು. ಒಂದು ಹೆಸರು ಫೋಟೋಗೆ ಏನೆಲ್ಲ ಮಾಡುತ್ತದೆ ಅನ್ನುವುದನ್ನು ಇದಕ್ಕಿಂತ ಸುಲಭವಾಗಿ ತೋರಿಸಲು ನನಗೆ ಬರಲ್ಲ.

"ಸರ್, ಯುದ್ಧ ಎಲ್ಲಿ?" ಅಂತ ಒಬ್ಬರಾದರೂ ಕೇಳುತ್ತಾರೆ. ಆಗ ಕ್ಯಾಮೆರಾ ವಿಷಯ ತೆಗೆಯಿರಿ. ಗಾಜಿನ ತಟ್ಟೆಗೆ ರಾಸಾಯನಿಕ ಹಚ್ಚಿ, ಅದು ಒಣಗುವ ಮೊದಲೇ ಫೋಟೋ ತೆಗೆದು ತೊಳೆಯಬೇಕಿತ್ತು. ಫೆಂಟನ್‌ನ ಕತ್ತಲೆ ಕೋಣೆ ಅಂದರೆ ವೈನ್ ವ್ಯಾಪಾರಿಯ ಹಳೇ ಕುದುರೆ ಗಾಡಿ. ಓಡುವ ಸೈನಿಕ ಅದರಲ್ಲಿ ಮೂಡುವುದೇ ಇಲ್ಲ. 1944ರಲ್ಲಿ ಫ್ರಾನ್ಸಿನ ನಾರ್ಮಂಡಿ ದಡದಲ್ಲಿ ಯುದ್ಧ ಫೋಟೋಗ್ರಾಫರ್ ರಾಬರ್ಟ್ ಕಾಪಾ ನೀರಿಗಿಳಿಯುವ ಹೊತ್ತಿಗೆ ಕೈಯಲ್ಲಿ ಹಿಡಿಯುವ ಕ್ಯಾಮೆರಾ ಬಂದಿತ್ತು. ಆದರೂ ಉಳಿದದ್ದು 11 ಫ್ರೇಮು, ಅದೂ ಮಸುಕು.

ಮೂರನೇ ಪೀರಿಯಡ್ ನಮ್ಮ ದೇಶಕ್ಕೆ. ಲಖನೌದ ಸಿಕಂದರ್ ಬಾಗ್, ತೆಗೆದವನು ಫೆಲಿಚೆ ಬಿಯಾಟೊ, 1858. ಇದು ವಿಕಿಮೀಡಿಯಾ ಕಾಮನ್ಸ್‌ನಲ್ಲಿದೆ. ಮುರಿದ ಕಟ್ಟಡ, ಮುಂದೆ ಕೆಲವು ಜನ, ಒಂದು ಕುದುರೆ, ನೆಲದ ತುಂಬ ಮೂಳೆ. ಇಲ್ಲಿ ಎಚ್ಚರಿಕೆ: ಹಿಂದಿನ ದಿನವೇ ಹೇಳಿ, ನಾಳೆ ಮೂಳೆಗಳಿರುವ ಫೋಟೋ ನೋಡುತ್ತೇವೆ ಅಂತ. ಬೇಡ ಅನ್ನುವವರಿಗೆ ಬೇರೆ ಕೆಲಸ ಕೊಡಿ, ಹೇಡಿ ಅನ್ನಬೇಡಿ. ಇತ್ತೀಚೆಗೆ ಮನೆಯಲ್ಲಿ ಸಾವಾಗಿದ್ದರೆ, ಅಪ್ಪನೋ ಮಾಮನೋ ಸೈನ್ಯದಲ್ಲಿದ್ದರೆ, ಪಾಲಕರಿಗೆ ಒಂದು ಫೋನ್ ಮಾಡಿ. ಸುಮ್ನೆ ಹೇಳುತ್ತಿಲ್ಲ, ಒಮ್ಮೆ ಬೈಸಿಕೊಂಡಿದ್ದೇನೆ, ಬೈದವರದ್ದೇ ಸರಿಯಿತ್ತು.

ಸಿಕಂದರ್ ಬಾಗಿನಲ್ಲಿ ಬ್ರಿಟಿಷ್ ಸೈನ್ಯದ ಕೈಯಲ್ಲಿ ಜನ ಸತ್ತದ್ದು 1857ರ ನವೆಂಬರ್‌ನಲ್ಲಿ. ಬಿಯಾಟೊ ಬಂದದ್ದು ತಿಂಗಳುಗಳ ನಂತರ. ಫೋಟೋಗಾಗಿಯೇ ಮೂಳೆಗಳನ್ನು ಹೊರತೆಗೆಸಿ ಹರಡಿಸಿದ ಅಂತ ಹಲವು ಇತಿಹಾಸಕಾರರು ಹೇಳುತ್ತಾರೆ. ಫೆಂಟನ್‌ನ ಗುಂಡು ನೋಡಿದ ಮಕ್ಕಳು ಇದನ್ನು ನಾವು ಹೇಳುವ ಮೊದಲೇ ಅನುಮಾನಿಸುತ್ತಾರೆ. ಇಲ್ಲಿ ನನ್ನ ಅಡಿಬರಹದ ಆಟ. ಇಂಗ್ಲಿಷ್ ಅಡಿಬರಹದಲ್ಲಿ 2000 'ದಂಗೆಕೋರರ' ಹತ್ಯೆಯ ನಂತರ ಅಂತಿದೆ. ಆ ಒಂದು ಪದವನ್ನು ಮಾತ್ರ ಬದಲಿಸಲು ಹೇಳಿ. ಸಿಪಾಯಿಗಳು. ಸ್ವಾತಂತ್ರ್ಯ ಯೋಧರು. ಅವಧದ ಗಂಡಸರು. ಒಬ್ಬ ಹುಡುಗ 'ಜನ' ಅಂತ ಬರೆದು ಪೆನ್ನು ಕೆಳಗಿಟ್ಟ. ಒಂದೊಂದು ಪದಕ್ಕೂ ಫೋಟೋ ಬೇರೆಯೇ ಆಗುವುದನ್ನು ಅವರೇ ನೋಡಲಿ, ನೀವು ಬಾಯಿ ಹಾಕಬೇಡಿ. ನನಗೂ ಇದು ಕಷ್ಟವೇ, ಮೇಷ್ಟ್ರ ಬಾಯಿ ಅಲ್ವಾ.

ನಾಲ್ಕನೆಯದು ರನ್ನ. ಗದಾಯುದ್ಧದಲ್ಲಿ ದುರ್ಯೋಧನ ಸಂಜಯನ ಜೊತೆ ರಣರಂಗದಲ್ಲಿ ನಡೆದು ಹೋಗುವ ಭಾಗ. ದ್ರೋಣನ ಹೆಣ, ಅಭಿಮನ್ಯುವಿನ ಹೆಣ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಕರ್ಣ. ಒಂದೊಂದರ ಮುಂದೆ ನಿಲ್ಲುತ್ತಾನೆ, ಒಂದು ಮಾತು ಹೇಳುತ್ತಾನೆ, ಮುಂದೆ ಹೋಗುತ್ತಾನೆ. ಹಳಗನ್ನಡ ಅಂದರೆ ಮೂಗು ಮುರಿಯುವ ಮಕ್ಕಳಿಗೆ ನಾನು ಹೇಳುವುದು ಇಷ್ಟೇ, ಇವು ಐದು ಫೋಟೋ, ಅವನು ಅಡಿಬರಹ ಕೊಡುತ್ತಿದ್ದಾನೆ. ವೈರಿಯ ಮಗ ಅಭಿಮನ್ಯುವಿನ ಮುಂದೆ ನಿಂತು ಕೈಮುಗಿದು, ನನಗೂ ಇಂಥ ಸಾವು ಬರಲಿ ಅನ್ನುತ್ತಾನಲ್ಲ, ಆ ಅಡಿಬರಹವನ್ನು ಭೀಮ ಬರೆದಿದ್ದರೆ ಹೇಗಿರುತ್ತಿತ್ತು? ಇದೇ ನನ್ನ ಬರವಣಿಗೆ ಪ್ರಶ್ನೆ. ಒಂದೊಂದು ಹೆಣಕ್ಕೆ ಎರಡೆರಡು ಸಾಲು, ಒಮ್ಮೆ ದುರ್ಯೋಧನನ ಬಾಯಲ್ಲಿ, ಒಮ್ಮೆ ಭೀಮನ ಬಾಯಲ್ಲಿ. ಕವಿತೆ ಬೇಡ. 'ಯುದ್ಧ ಬೇಡ' ಕವಿತೆ ಬರೆಯಿರಿ ಅಂದರೆ 30 ಮಕ್ಕಳು ಬಿಳಿ ಪಾರಿವಾಳದ ಮೇಲೆ ಬರೆದು ತರುತ್ತಾರೆ. ಈಗಂತೂ ಅದನ್ನೂ ಮೊಬೈಲೇ ಬರೆದುಕೊಡುತ್ತದೆ.

ನೇಪಾಮ್ ಫೋಟೋ ಬಗ್ಗೆ ಮೇಡಂ ಕೇಳಿದ್ದರು, ತೋರಿಸಲೋ ಬೇಡವೋ ಅಂತ. ನಾನು ತೋರಿಸಲ್ಲ. ಕತೆಯಾಗಿ ಹೇಳುತ್ತೇನೆ. ಪೂರ್ತಿ ಫ್ರೇಮಿನಲ್ಲಿ ಬಲಗಡೆ ಒಬ್ಬ ಫೋಟೋಗ್ರಾಫರ್ ತನ್ನ ಕ್ಯಾಮೆರಾದ ಮೇಲೆ ತಲೆ ಬಗ್ಗಿಸಿ ನಿಂತಿದ್ದಾನೆ, ಪತ್ರಿಕೆಗಳಲ್ಲಿ ಬಂದಾಗ ಅವನನ್ನು ಕತ್ತರಿಸಿದ್ದರು ಅಂತಲೂ ಹೇಳುತ್ತೇನೆ. ತೆಗೆದವರ ಹೆಸರು ಹೇಳುವಾಗ ಸ್ವಲ್ಪ ಜೋಪಾನ. 2025ರಲ್ಲಿ ವರ್ಲ್ಡ್ ಪ್ರೆಸ್ ಫೋಟೋ ಸಂಸ್ಥೆ ನಿಕ್ ಊಟ್ ಹೆಸರನ್ನು ಅಮಾನತಿನಲ್ಲಿಟ್ಟಿತು, ಎಪಿ ಸುದ್ದಿಸಂಸ್ಥೆ ಅದೇ ಹೆಸರನ್ನು ಉಳಿಸಿಕೊಂಡಿದೆ. ಇದನ್ನೂ ಮಕ್ಕಳಿಗೆ ಹೇಳಿ, ಐವತ್ತು ವರ್ಷದ ಮೇಲೂ ವಾದ ಮುಗಿದಿಲ್ಲ ಅಂತ.

ಮುಂಬೈಯವರು ಫೋಟೋಗ್ರಾಫರ್ ಸುನಿಲ್ ಜಾನಾ ಅವರನ್ನು ಬಿಡಬೇಡಿ. 1943ರ ಬಂಗಾಳದ ಬರಗಾಲದ ಅವರ ಫೋಟೋಗಳು ಅಚ್ಚಾದದ್ದು ಬೊಂಬಾಯಿಯಿಂದ ಹೊರಡುತ್ತಿದ್ದ 'ಪೀಪಲ್ಸ್ ವಾರ್' ಪತ್ರಿಕೆಯಲ್ಲಿ. ಗುಂಡು ಹಾರದೆ ಯುದ್ಧ ಲಕ್ಷಾಂತರ ಜನರನ್ನು ಕೊಂದ ಕತೆ ಅದು. ಮರುವರ್ಷ ಏಪ್ರಿಲ್ 14ಕ್ಕೆ ಬೊಂಬಾಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕೀನ್ ಹಡಗು ಸಿಡಿಯಿತು. ಹತ್ತಿ, ಮದ್ದುಗುಂಡು, ಚಿನ್ನದ ಗಟ್ಟಿ, ಎಲ್ಲ ಒಂದೇ ಹಡಗಿನಲ್ಲಿ. ಮಸ್ಜಿದ್ ಬಂದರ್, ಡೋಂಗ್ರಿ ಕಡೆಯ ಮಕ್ಕಳಿದ್ದರೆ ಮನೆಯ ಹಿರಿಯರನ್ನು ಕೇಳಿಕೊಂಡು ಬರಲು ಹೇಳಿ. ಪುಣೆಯವರಿಗೆ ಖಡ್ಕಿಯ ಯುದ್ಧ ಸ್ಮಶಾನ ಪಕ್ಕದಲ್ಲೇ ಇದೆ, ಮೇಡಂ ಒಮ್ಮೆಯೂ ಕರೆದುಕೊಂಡು ಹೋಗಿಲ್ಲ ಅಂದರೆ ಜಗಳ ಆಡುತ್ತೇನೆ. ಪ್ರಶ್ನೆಪತ್ರಿಕೆ ಬೇಡ. ಒಂದೊಂದು ಮಗು ಒಂದು ಕಲ್ಲು ಆರಿಸಿ, ಅದರ ಮೇಲಿರುವ ವಯಸ್ಸು ಬರೆದು ತರಲಿ.

ಇನ್ನು ಮೊಬೈಲ್. 2025ರ ಮೇ ತಿಂಗಳಲ್ಲಿ ಗಡಿಯಲ್ಲಿ ಹೊಡೆದಾಟ ನಡೆದಾಗ ವಿಡಿಯೋ ಗೇಮಿನ ತುಣುಕುಗಳು ಯುದ್ಧದ ದೃಶ್ಯ ಅಂತ ಓಡಾಡಿದ್ದು ನೆನಪಿರಬಹುದು. ನಮ್ಮ ಗುಂಪಿಗೂ ಒಂದು ಬಂದಿತ್ತು, ಹಾಕಿದವರಿಗೇ ಗೊತ್ತು, ಹೆಸರು ಹೇಳಲ್ಲ. ಗೂಗಲ್ ಲೆನ್ಸ್‌ನಲ್ಲಿ ಫೋಟೋ ಹುಡುಕುವುದನ್ನು ಮಕ್ಕಳಿಗೆ ಕಲಿಸಿ, ಆದರೆ ಕಿಟಕಿ ಪಾಠ ಆದ ಮೇಲೆ. ಮೊದಲೇ ಕಲಿಸಿದರೆ ಕಣ್ಣು ಬಿಟ್ಟು ಫೋನನ್ನೇ ನೋಡುತ್ತಾರೆ.

ನನ್ನ ಹತ್ತಿರ ಫೆಂಟನ್ ಎರಡೂ, ಸಿಕಂದರ್ ಬಾಗ್ ಒಂದು, ಎಲ್ಲ ಎ3, ಆರಾರು ಸೆಟ್ ಇವೆ. ಭಾನುವಾರ ಇಂದ್ರಾಯಣಿ ರೈಲಿನಲ್ಲಿ ಪುಣೆಗೆ ಬರುವವನಿದ್ದೇನೆ, ತಂದುಕೊಡುತ್ತೇನೆ. ವಾಪಸ್ ಕೊಡುವಾಗ ಸುತ್ತಿ ಕೊಡಿ, ಮಡಚಬೇಡಿ. ಹೋದ ಸಲ ಒಯ್ದವರು ರಸ್ತೆಯ ನಡುವೆ ಚಹಾದ ಗ್ಲಾಸ್ ಇಟ್ಟಿದ್ದಾರೆ. ಆ ಉಂಗುರವನ್ನು ನಮ್ಮ ಒಂಬತ್ತನೆಯವರು ಬಾಂಬ್ ಬಿದ್ದ ಗುಂಡಿ ಅಂತ ಬರೆದುಕೊಂಡು ಬಂದರು.