ರೈತರ ಪ್ರಶ್ನೆ, ನಮ್ಮ ಉತ್ತರ: ಮಿನಿ ಟ್ರ್ಯಾಕ್ಟರ್‌ಗೆ ಬಳ್ಳಾರಿ ಜಾಲಿ ಬಗ್ಗುತ್ತದೆಯೇ?

ಸುಗ್ಗಿ ಮುಗಿದು ಹೊಲ ಖಾಲಿಯಾಗುವ ಈ ದಿನಗಳಲ್ಲಿ ಕಂಟಿ ಕಡಿಯುವ, ಕಟ್ಟಿಗೆ ಕೂಡಿಸುವ ಕೆಲಸ ಶುರುವಾಗುತ್ತದೆ. ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಆ ಕೆಲಸಕ್ಕೆ ಮಿನಿ ಟ್ರ್ಯಾಕ್ಟರ್ ಬಳಸುವವರದೇ. ಇಲ್ಲಿನ ಉತ್ತರಗಳೆಲ್ಲ 20ರಿಂದ 28 ಎಚ್‌ಪಿ ಟ್ರ್ಯಾಕ್ಟರ್‌ಗಳಿಗೆ ಅನ್ವಯಿಸುತ್ತವೆ.

ಪ್ರಶ್ನೆ: ನಮ್ಮ ಹೊಲದ ಬದುವಿನುದ್ದಕ್ಕೂ ಬಳ್ಳಾರಿ ಜಾಲಿ ಬೆಳೆದು ಒಳಕ್ಕೂ ಹಬ್ಬಿದೆ. ನಮ್ಮದು 24 ಎಚ್‌ಪಿ, ನಾಲ್ಕೂ ಗಾಲಿ ಎಳೆಯುವ ಟ್ರ್ಯಾಕ್ಟರ್. ಟಾಪ್ ಲಿಂಕಿನ (ಹಿಂದೆ ಉಪಕರಣ ಜೋಡಿಸುವ ಮೇಲಿನ ತೋಳು) ಪಿನ್ನಿಗೆ ಸರಪಳಿ ಹಾಕಿ ಬೊಡ್ಡೆ ಎಳೆದರೆ ಮುಂದಿನ ಗಾಲಿಗಳು ಮೇಲೇಳುತ್ತವೆ. ಮುಂದೆ ಉಸುಕಿನ ಚೀಲ ಕಟ್ಟಿ ಎಳೆಯಬಹುದೇ?
– ಯಲಬುರ್ಗಾ ತಾಲ್ಲೂಕಿನ ರೈತರು

ಉತ್ತರ: ದಯವಿಟ್ಟು ಇವತ್ತೇ ಆ ಪಿನ್ನಿನಿಂದ ಸರಪಳಿ ಬಿಚ್ಚಿ. ಚೀಲ ಕಟ್ಟಿದರೆ ಈ ಅಪಾಯ ತಪ್ಪುವುದಿಲ್ಲ. ಬೊಡ್ಡೆ ಅಲುಗದೆ ನಿಂತಾಗ ಹಿಂದಿನ ಗಾಲಿಯೂ ತಿರುಗಲಾರದು. ಆಗ ಎಂಜಿನ್ನಿನ ಬಲವೆಲ್ಲ ಟ್ರ್ಯಾಕ್ಟರ್‌ನ ಮೈಯನ್ನೇ ಹಿಂದಿನ ಅಚ್ಚಿನ ಸುತ್ತ ತಿರುಗಿಸಲು ಹೊರಡುತ್ತದೆ. ಸರಪಳಿ ಅಚ್ಚಿಗಿಂತ ಮೇಲಿದ್ದರೆ ಅದರ ಎಳೆತವೂ ಅತ್ತಲೇ ಸೇರಿ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತದೆ. ಕ್ಲಚ್ ಒತ್ತುವಷ್ಟು ಹೊತ್ತೂ ಸಿಗುವುದಿಲ್ಲ. ಸರಪಳಿ ಅಚ್ಚಿಗಿಂತ ಕೆಳಗಿನ ಡ್ರಾಬಾರ್ (ಎಳೆಯಲೆಂದೇ ಇರುವ ಪಟ್ಟಿ) ಹುಕ್ಕಿನಲ್ಲಿದ್ದರೆ ಅದೇ ಎಳೆತ ಮೂತಿಯನ್ನು ನೆಲಕ್ಕೆ ಒತ್ತುತ್ತದೆ. ಟಾಪ್ ಲಿಂಕ್, ಅಚ್ಚು, ಎತ್ತಿ ಹಿಡಿದ ಲಿಫ್ಟಿನ ತೋಳು, ಇವುಗಳಿಂದ ಯಾವತ್ತೂ ಎಳೆಯಬಾರದು. ಸೀಟಿನ ಹಿಂದೆ, ಮಗುಚಿದಾಗ ಚಾಲಕರನ್ನು ಕಾಪಾಡುವ ಮಡಚುವ ಕಮಾನು ಇದ್ದರೆ ಅದನ್ನು ಎತ್ತಿ ನಿಲ್ಲಿಸಿ ಬೆಲ್ಟ್ ಹಾಕಿಕೊಳ್ಳಿ. ಕಮಾನು ಇಲ್ಲದ ಗಾಡಿಯಲ್ಲಿ ಬೊಡ್ಡೆ ಎಳೆಯುವ ಕೆಲಸವೇ ಬೇಡ.

ಎಷ್ಟು ಎಳೆಯಬಲ್ಲದು ಎಂಬುದನ್ನು ತೀರ್ಮಾನಿಸುವುದು ಎಚ್‌ಪಿ ಅಲ್ಲ, ತೂಕ. ಒಣ ಮಸಾರಿ ನೆಲದಲ್ಲಿ ಟ್ರ್ಯಾಕ್ಟರ್ ತನ್ನ ತೂಕದ ಸುಮಾರು ಅರ್ಧದಷ್ಟು ಎಳೆದೀತು. 800 ಕಿಲೊ ಗಾಡಿಯಾದರೆ 400 ಕಿಲೊ ಎಳೆತ, ಅಷ್ಟೆ. ನೆಲದ ಹತ್ತಿರ ಎರಡು, ಎರಡೂವರೆ ಇಂಚು ದಪ್ಪವಿರುವ ಕಂಟಿ ಇದಕ್ಕೆ ಬಗ್ಗುತ್ತದೆ. ತೊಡೆ ಗಾತ್ರದ ಬೊಡ್ಡೆಗೆ ಜೆಸಿಬಿಯನ್ನು ಗಂಟೆ ಲೆಕ್ಕದಲ್ಲಿ ಕರೆಸುವುದೇ ಸರಿ. ಅಂಥ ಬೊಡ್ಡೆಗಳನ್ನೆಲ್ಲ ಸುಣ್ಣದಲ್ಲಿ ಗುರುತು ಮಾಡಿ ಒಂದೇ ದಿನ ಕೀಳಿಸಿ.

ಚಿಕ್ಕ ಕಂಟಿಗೆ ಒಂದೆರಡು ಹದ ಮಳೆ ಬೀಳುವವರೆಗೆ ಕಾಯಿರಿ. ಟೊಂಗೆ ಸವರಿ, ಮುಳ್ಳನ್ನು ಮೊದಲು ದೂರ ಸಾಗಿಸಿ, ಬುಡದಲ್ಲಿ ಎರಡಡಿ ಬೊಡ್ಡೆ ಉಳಿಸಿಕೊಳ್ಳಿ. ಸುತ್ತ ಒಂದಡಿ ಆಳ ಅಗೆದು ಅಡ್ಡಬೇರುಗಳನ್ನು ಕೊಡಲಿಯಿಂದ ಕಡಿಯಿರಿ. 10 ಎಂಎಂ, ದರ್ಜೆ 80ರ ಸರಪಳಿ ಬಳಸಿ. ಅದು 3 ಟನ್ ಮೇಲೆ ತಾಳುತ್ತದೆ. ನೈಲಾನ್ ಹಗ್ಗ ಜಗ್ಗಿ ಹರಿದರೆ ಚಾಟಿಯ ಹಾಗೆ ಬಂದು ಹೊಡೆಯುತ್ತದೆ. ಸರಪಳಿ 15 ಅಡಿಗೆ ಕಡಿಮೆಯಿರಬಾರದು, ಜನ ಅದರ ಒಂದೂವರೆ ಪಟ್ಟು ದೂರ ನಿಲ್ಲಬೇಕು. ಲೋ ಒಂದನೇ ಗೇರು, 1200 ಆರ್‌ಪಿಎಂ ಆಸುಪಾಸು, ಸರಪಳಿಯ ಸಡಿಲು ಹೋದ ಮೇಲೆ ನಿಧಾನ ಎಳೆತ. ಹಿಂದೆ ಬಂದು ಜರ್ಕ್ ಕೊಡುವುದು ಬೇಡ. ಗಾಲಿ ಒಂದೇ ಕಡೆ ಸುತ್ತಿ ಗುಂಡಿ ತೋಡತೊಡಗಿದರೆ ನಿಲ್ಲಿಸಿ, ಇಳಿದು ಇನ್ನೊಂದು ಬೇರು ಕಡಿಯಿರಿ.

ಬೇರು ಬಾರದೇ ಇದ್ದರೂ ಚಿಂತೆಯಿಲ್ಲ. ಬಳ್ಳಾರಿ ಜಾಲಿಯ ಮಲಗಿದ ಮೊಗ್ಗುಗಳು ಇರುವುದು ಬುಡದ ಗಂಟಿನಲ್ಲಿ, ಮಣ್ಣಿನ ಮಟ್ಟಕ್ಕಿಂತ ತುಸು ಕೆಳಗಿನವರೆಗೆ. ನೆಲದ ಮಟ್ಟಕ್ಕೆ ಕಡಿದರೆ ಒಂದು ಕಾಂಡ ಇದ್ದಲ್ಲಿ ಹತ್ತು ಚಿಗುರುತ್ತವೆ. ಒಂದಡಿ ಕೆಳಗೆ ತಾಯಿಬೇರನ್ನು ಕತ್ತರಿಸಿ ಆ ಗಂಟನ್ನು ಎತ್ತಿ ಹಾಕಿದರೆ ಮತ್ತೆ ಚಿಗುರುವುದು ಬಹಳ ಅಪರೂಪ. ಕಾಯಿ ಮಾಗಿ ಉದುರುವ ಮುಂಚೆಯೇ ಈ ಕೆಲಸ ಆಗಲಿ. ದನ, ಕುರಿ ಆ ಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಹಾಕುತ್ತವೆ, ಆ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಮುಂದಿನ ಎರಡು ಮೂರು ಮುಂಗಾರಿನಲ್ಲಿ ಎದ್ದ ಸಸಿಗಳನ್ನು ಗೇಣುದ್ದ ಇರುವಾಗಲೇ ಕೀಳಬೇಕಾಗುತ್ತದೆ. ಬದುವಿನಲ್ಲಿ ಬೇರೆ ಜಾತಿಯ ಮರಗಳೂ ಇದ್ದರೆ ಕೊಡಲಿ ಹಾಕುವ ಮುಂಚೆ ವಲಯ ಅರಣ್ಯ ಕಚೇರಿಯಲ್ಲಿ ಕೇಳಿ. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಸ್ವಂತ ಹೊಲದ ಮರಕ್ಕೂ ಅನ್ವಯಿಸುತ್ತದೆ.

ಪ್ರಶ್ನೆ: ಜಾಲಿ ಕೊರಡು ಸೀಳಲು ಪಿಟಿಒಗೆ (ಎಂಜಿನ್ನಿನ ಬಲವನ್ನು ಉಪಕರಣಕ್ಕೆ ಕೊಡುವ, ಟ್ರ್ಯಾಕ್ಟರ್ ಹಿಂದಿನ ತಿರುಗುವ ಶಾಫ್ಟು) ಜೋಡಿಸುವ ತಿರುಪಿನ ಯಂತ್ರ ಅಗ್ಗಕ್ಕೆ ಸಿಗುತ್ತಿದೆ. ಹೈಡ್ರಾಲಿಕ್ ಯಂತ್ರ ದುಬಾರಿ. ಯಾವುದು ಒಳ್ಳೆಯದು? ಟ್ರಾಲಿ ಎತ್ತುವ ಪೈಪಿಗೇ ಹೈಡ್ರಾಲಿಕ್ ಜೋಡಿಸಬಹುದೇ?
– ಸಿರುಗುಪ್ಪದ ಓದುಗರು

ಉತ್ತರ: ತಿರುಪಿನದು ಬೇಡ. ಶಂಕುವಿನಂಥ ಆ ತಿರುಪು ಕೊರಡಿನೊಳಗೆ ಕೊರೆದುಕೊಂಡು ಹೋಗಿ ಸೀಳುತ್ತದೆ. ನೇರ ಎಳೆಯ ಮರಕ್ಕೆ ಅದು ನಡೆದೀತು. ಜಾಲಿಯ ಎಳೆ ತಿರುಚಿಕೊಂಡಿರುತ್ತದೆ, ಗಂಟು ಹೆಚ್ಚು. ತಿರುಪು ಗಂಟಿನಲ್ಲಿ ಸಿಕ್ಕಿಕೊಂಡರೆ ಕೊರಡೇ ಗಿರಕಿ ಹೊಡೆಯುತ್ತದೆ, ಹಿಡಿದವರ ಕೈ ಜೊತೆಗೇ ಹೋಗುತ್ತದೆ. ಪಿಟಿಒ ನಿಲ್ಲಿಸಲು ಸೀಟಿನವರೆಗೆ ಓಡಬೇಕು. ಉಳಿಯುವ ದುಡ್ಡು ಒಂದು ಕೈಗೆ ಸಮವಲ್ಲ.

ಹೈಡ್ರಾಲಿಕ್ ಕೊಳ್ಳುವಾಗ ಅಂಗಡಿಯವರು ಹೇಳುವ ಟನ್ನನ್ನು ನೀವೇ ಲೆಕ್ಕ ಹಾಕಿ ನೋಡಿ. 100 ಎಂಎಂ ಸಿಲಿಂಡರಿನ ಮುಖ 78.5 ಚದರ ಸೆಂಟಿಮೀಟರ್. 150 ಬಾರ್ ಒತ್ತಡದಲ್ಲಿ ಅದು ಕೊಡುವ ಬಲ ಸುಮಾರು 12 ಟನ್. 60 ಸೆಂಟಿಮೀಟರ್ ಚಾಚಲು 4.7 ಲೀಟರ್ ಎಣ್ಣೆ ಬೇಕು. ನಿಮ್ಮ ಪಂಪು ನಿಮಿಷಕ್ಕೆ 15 ಲೀಟರ್ ಕೊಡುತ್ತಿದ್ದರೆ ಒಂದು ಸಲ ಒತ್ತಲು 19 ಸೆಕೆಂಡು. 125 ಎಂಎಂ ಸಿಲಿಂಡರ್ ಹಾಕಿದರೆ ಬಲ 18 ಟನ್ನಿಗೆ ಏರುತ್ತದೆ, ಆದರೆ ಹೊತ್ತು 29 ಸೆಕೆಂಡಿಗೆ ಹೋಗುತ್ತದೆ. ಮನೆ ಬಳಕೆಯ ಎಂಟು ಇಂಚಿನೊಳಗಿನ ಕೊರಡಿಗೆ 100 ಎಂಎಂ ಸಾಕು. ಪಂಪಿನ ಒತ್ತಡ, ಹರಿವು ಎರಡೂ ಟ್ರ್ಯಾಕ್ಟರಿನ ಕೈಪಿಡಿಯಲ್ಲಿರುತ್ತವೆ.

ಟ್ರಾಲಿ ಎತ್ತುವ ಪೈಪಿಗೆ ಜೋಡಿಸಿದರೆ ಒಂದು ತೊಡಕು ಬರುತ್ತದೆ. ಅದು ಒಂದೇ ದಿಕ್ಕಿಗೆ ಎಣ್ಣೆ ಕಳಿಸುತ್ತದೆ. ಟ್ರಾಲಿ ತನ್ನ ಭಾರಕ್ಕೆ ಕೆಳಗಿಳಿಯುವುದರಿಂದ ಅಲ್ಲಿ ಅಷ್ಟು ಸಾಕು. ಮಲಗಿಸಿದ ಸೀಳುವ ಯಂತ್ರದಲ್ಲಿ ಹೋದ ಸಿಲಿಂಡರ್ ಹಿಂದೆ ಬರುವುದೇ ಇಲ್ಲ. ಎರಡೂ ದಿಕ್ಕಿಗೆ ಎಣ್ಣೆ ಕಳಿಸುವ ವಾಲ್ವ್ ಬೇಕೇ ಬೇಕು, ಎರಡು ಪೈಪಿನದು. ಬಿಟ್ಟ ಕೂಡಲೇ ನಡುವಿಗೆ ಬಂದು ನಿಲ್ಲುವ ಹಿಡಿಕೆಯಿರುವ ವಾಲ್ವನ್ನೇ ಕೇಳಿ ಪಡೆಯಿರಿ.

ಜಾಲಿಯನ್ನು ಹಸಿಯಿದ್ದಾಗಲೇ ಸೀಳಬೇಕು. ಒಣಗಿದ ಮೇಲೆ ಅದು ಕಬ್ಬಿಣ. ಒಂದಡಿ, ಒಂದೂಕಾಲು ಅಡಿಗೆ ತುಂಡು ಮಾಡಿ, ದಪ್ಪ ಕೊರಡಾದರೆ ನಡುವಿಗೆ ಬಾಯಿ ಹಾಕದೆ ಅಂಚಿನಿಂದ ಹೋಳು ತೆಗೆಯುತ್ತಾ ಬನ್ನಿ. ಕವಲು ಒಡೆದ ತುಂಡನ್ನು ಕವಲಿನ ಕಡೆಯಿಂದ ಒತ್ತಬೇಡಿ, ಬುಡದ ಕಡೆಯಿಂದ ಒತ್ತಿ. ಕೊರಡು ಇಡುವವರೂ ಹಿಡಿಕೆ ಒತ್ತುವವರೂ ಒಬ್ಬರೇ ಆಗಿರಲಿ. ಇಬ್ಬರು ಹಂಚಿಕೊಂಡು ಮಾಡುವಾಗಲೇ ಬೆರಳು ಹೋಗುವುದು. ಸೀಳಿದ್ದನ್ನು ಕಲ್ಲಿನ ಮೇಲೆ ಗಾಳಿಯಾಡುವಂತೆ ಅಟ್ಟಿ. ಒಣಗಿತೇ ಎಂದು ತಿಳಿಯಲು ನಾಲ್ಕು ತುಂಡಿಗೆ ಬಣ್ಣ ಹಚ್ಚಿ ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತ ಮೇಲೆ ಒಲೆಗೆ ಹಾಕಿದರೆ ಅಡುಗೆಮನೆಯಲ್ಲಿ ಹೊಗೆ ಕಡಿಮೆ, ಉರಿ ಹೆಚ್ಚು.

ಪ್ರಶ್ನೆ: ಹತ್ತಿ ಕಟ್ಟಿಗೆಯನ್ನು ವರ್ಷವಿಡೀ ಒಲೆಗೆ ಬಳಸುತ್ತೇವೆ. ಈಗ ಹೊಲದಲ್ಲೇ ಪುಡಿ ಮಾಡಿ ಎನ್ನುತ್ತಾರೆ. ಮಿನಿ ಟ್ರ್ಯಾಕ್ಟರ್‌ಗೆ ಸಾಧ್ಯವೇ?
– ದೇವದುರ್ಗ ತಾಲ್ಲೂಕಿನ ರೈತ ಮಹಿಳೆ

ಉತ್ತರ: ಅಕ್ಕಾ, ಪುಡಿ ಮಾಡಿ ಎನ್ನುವುದು ಗುಲಾಬಿ ಕಾಯಿಕೊರಕದ ಸಲುವಾಗಿ. ಗಿಡದಲ್ಲಿ ಉಳಿದ ಅರೆಬಿರಿದ ಕಾಯಿಗಳೊಳಗೆ ಅದರ ಹುಳು ನಿದ್ದೆಗೆ ಜಾರಿ, ಮುಂದಿನ ಬೆಳೆ ಬಂದಾಗ ಚಿಟ್ಟೆಯಾಗಿ ಹೊರಬರುತ್ತದೆ. ಹೊಲದ ಬದುವಿಗೆ ಒಟ್ಟಿದ ಕಟ್ಟಿಗೆಯೇ ಅದಕ್ಕೆ ಮನೆ. ಒಲೆಗೆ ಬೇಕಾದಷ್ಟನ್ನು ನೀವು ಇಟ್ಟುಕೊಳ್ಳಬಹುದು. ಕಡೆಯ ಬಿಡಿಸುವಿಕೆ ಆದ ಮೇಲೆ ಹೊಲಕ್ಕೆ ಕುರಿ ಬಿಡಿ, ಉಳಿದ ಕಾಯಿಯನ್ನು ಅವು ತಿಂದು ಮುಗಿಸುತ್ತವೆ. ಆಮೇಲೂ ಉಳಿದ ಕಾಯಿಯನ್ನು ಕೈಯಿಂದ ಬಿಡಿಸಿ ಸುಟ್ಟು, ಕಟ್ಟಿಗೆಯನ್ನು ಹೊಲದಿಂದ ದೂರ ಮನೆಯ ಹತ್ತಿರ ಒಟ್ಟಿ, ಮುಂಗಾರು ಬಿತ್ತನೆಗೆ ಮುಂಚೆ ಉರಿಸಿ ಮುಗಿಸಿ. ಮಳೆಗಾಲಕ್ಕೆ ಜಾಲಿ ಅಥವಾ ತೊಗರಿ ಕಟ್ಟಿಗೆ ಇರಲಿ.

ಮಿಕ್ಕಿದ್ದನ್ನು ನಾಲ್ಕಡಿ ಅಗಲದ ರೋಟರಿ ಸ್ಲ್ಯಾಷರ್ ಪುಡಿ ಮಾಡುತ್ತದೆ. 90 ಸೆಂಟಿಮೀಟರ್ ಸಾಲಾದರೆ ಒಮ್ಮೆಗೆ ಒಂದೇ ಸಾಲು. ಎಕರೆಗೆ ನಾಲ್ಕೂವರೆ ಕಿಲೋಮೀಟರ್ ನಡೆ, ಗಂಟೆಗೆ ಎರಡೂವರೆ ಕಿಲೋಮೀಟರ್ ವೇಗದಲ್ಲಿ ತಿರುವುಗಳೂ ಸೇರಿ ಎರಡು ಗಂಟೆ ಮೇಲಾಗುತ್ತದೆ. ಗಿಡ ಪೂರ್ತಿ ಹಸಿಯಿದ್ದರೆ ಅದರ ನಾರು ಬ್ಲೇಡಿನ ಅಚ್ಚಿಗೆ ಸುತ್ತಿ ಬೇರಿಂಗಿನ ಸೀಲು ತಿನ್ನುತ್ತದೆ. ಗಂಟೆಗೊಮ್ಮೆ ಎಂಜಿನ್ ಆರಿಸಿ, ಕೀಲಿ ಕಿಸೆಗೆ ಹಾಕಿಕೊಂಡು, ನಾರು ಕತ್ತರಿಸಿ ತೆಗೆಯಬೇಕು. ರೇಡಿಯೇಟರಿನ ಜಾಲರಿಗೆ ಕಸ ಮೆತ್ತಿ ಎಂಜಿನ್ ಕಾಯುತ್ತದೆ, ಅದನ್ನೂ ಆಗಲೇ ಝಾಡಿಸಿ. ಸ್ವಂತಕ್ಕೆ ಕೊಳ್ಳುವ ಮುಂಚೆ ನಿಮ್ಮ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಇದೆಯೇ ಕೇಳಿ. ವರ್ಷಕ್ಕೆ ಹತ್ತು ದಿನದ ಕೆಲಸಕ್ಕೆ ಯಂತ್ರ ಕೊಳ್ಳುವುದು ನಮಗೆ ಸರಿ ಕಾಣುವುದಿಲ್ಲ.

ಪ್ರಶ್ನೆ: ಎರೆ ಹೊಲದಲ್ಲಿ ರೂಟರ್ (ರೋಟವೇಟರ್) ಹೊಡೆಯುವಾಗ ಪಿಟಿಒ ಶಾಫ್ಟಿನ ಬೋಲ್ಟು ದಿನಕ್ಕೆ ಎರಡು ಸಲ ಮುರಿಯುತ್ತದೆ. ಗಟ್ಟಿ ಬೋಲ್ಟು ಹಾಕಲೇ?
– ಸಿಂಧನೂರಿನ ಓದುಗರು

ಉತ್ತರ: ಹಾಕಬೇಡಿ. ಮುರಿಯುವುದೇ ಆ ಬೋಲ್ಟಿನ ಕೆಲಸ. ಅದು ಮುರಿಯದಿದ್ದರೆ ಗೇರ್‌ಬಾಕ್ಸು ಮುರಿಯುತ್ತದೆ. ಕೈಪಿಡಿಯಲ್ಲಿ ಹೇಳಿದ ದರ್ಜೆಯ ಬೋಲ್ಟನ್ನೇ ಹಾಕಿ ಕಾರಣ ಹುಡುಕಿ. 24 ಎಚ್‌ಪಿಗೆ ಮೂರೂವರೆಯಿಂದ ನಾಲ್ಕಡಿ ರೂಟರ್ ಸಾಕು, ಐದಡಿಯದು ಹೆಚ್ಚಾಯಿತು. ಒಣಗಿ ಬಿರಿದ ಎರೆಗೆ ರೂಟರ್ ಇಳಿಸಬೇಡಿ, ಮೊದಲು ಕಲ್ಟಿವೇಟರ್ ಹೊಡೆದು ಹೆಂಟೆ ಒಡೆಯಿರಿ. ಹಿಡಿ ಮಣ್ಣು ಉಂಡೆ ಕಟ್ಟಿ ಎದೆಯೆತ್ತರದಿಂದ ಬಿಟ್ಟಾಗ ಒಡೆದು ಚದುರಿದರೆ ಹದ. ತಿರುವಿನಲ್ಲಿ ಪಿಟಿಒ ಓಡುತ್ತಿರುವಾಗಲೇ ರೂಟರನ್ನು ಪೂರ್ತಿ ಮೇಲೆತ್ತುತ್ತಿದ್ದೀರಾ ನೋಡಿಕೊಳ್ಳಿ, ಶಾಫ್ಟಿನ ಕೀಲುಗಳು ಅಲ್ಲೇ ಮುರಿಯುವಷ್ಟು ಬಾಗುತ್ತವೆ. ಶಾಫ್ಟು ಅತಿ ಉದ್ದ ಚಾಚಿದಾಗಲೂ ಒಳ ಹೊರ ಕೊಳವೆಗಳು ಮೂರನೇ ಒಂದು ಭಾಗ ಒಂದರೊಳಗೊಂದು ಇರಬೇಕು.

ಪ್ರಶ್ನೆ: ಆರಡಿ ಉದ್ದ, ನಾಲ್ಕಡಿ ಅಗಲ, ಎರಡಡಿ ಎತ್ತರದ ಟ್ರಾಲಿಯಲ್ಲಿ ಹಸಿ ಕಟ್ಟಿಗೆ ಎಷ್ಟು ತುಂಬಬಹುದು? ನಮ್ಮ ದಾರಿ ಕಾಲುವೆ ಏರಿಯ ಮೇಲಿಂದ ಇಳಿಯುತ್ತದೆ.
– ಗಂಗಾವತಿ ತಾಲ್ಲೂಕಿನ ರೈತರು

ಉತ್ತರ: ಹಸಿ ಜಾಲಿ ಒತ್ತಾಗಿ ಅಟ್ಟಿದರೆ ಘನ ಮೀಟರಿಗೆ ಸುಮಾರು 600 ಕಿಲೊ ತೂಗುತ್ತದೆ. ನಿಮ್ಮ ಟ್ರಾಲಿ 1.36 ಘನ ಮೀಟರ್, ಅಂಚಿನ ಮಟ್ಟಕ್ಕೆ ತುಂಬಿದರೇ 800 ಕಿಲೊ. ಅದರ ಮೇಲೆ ಗೋಪುರ ಕಟ್ಟಬೇಡಿ. ಏರಿ ಇಳಿಯುವ ದಾರಿಯಲ್ಲಿ ಅರ್ಧಕ್ಕೆ ತುಂಬಿ ಎರಡು ಸರತಿ ಮಾಡಿ, ಏಕೆಂದರೆ ಬ್ರೇಕಿಲ್ಲದ ಟ್ರಾಲಿ ಇಳಿಜಾರಿನಲ್ಲಿ ಹಗುರ ಟ್ರ್ಯಾಕ್ಟರನ್ನು ಹಿಂದಿನಿಂದ ನೂಕಿ ಅಡ್ಡ ತಿರುಗಿಸುತ್ತದೆ. ಇಳಿಜಾರು ಶುರುವಾಗುವ ಮುಂಚೆಯೇ, ಹತ್ತುವಾಗ ಹಾಕುವ ಗೇರನ್ನೇ ಹಾಕಿಕೊಳ್ಳಿ. ನಡುವೆ ನ್ಯೂಟ್ರಲ್ ಮಾಡಬಾರದು, ಕ್ಲಚ್ ಒತ್ತಬಾರದು. ಭಾರ ಟ್ರಾಲಿಯ ಅಚ್ಚಿಗಿಂತ ತುಸು ಮುಂದೆ ಬರುವಂತೆ ಅಟ್ಟಿ, ಹಿಂದೆ ಭಾರವಾದರೆ ಹುಕ್ ಮೇಲೆತ್ತಿ ಹಿಂದಿನ ಗಾಲಿಯ ಹಿಡಿತ ತಪ್ಪುತ್ತದೆ. ಹೊಲದಿಂದ ದಾರಿಗೆ ಬರುವ ಮುಂಚೆ ಎಡ ಬಲ ಬ್ರೇಕ್ ಪೆಡಲುಗಳನ್ನು ಚಿಲಕ ಹಾಕಿ ಜೋಡಿಸಿ. ಒಂದೇ ಪೆಡಲ್ ಒತ್ತಿದರೆ ಒಂದೇ ಗಾಲಿ ನಿಲ್ಲುತ್ತದೆ, ಏರಿಯ ಮೇಲೆ ಹಾಗಾದರೆ ಟ್ರ್ಯಾಕ್ಟರ್ ಕಾಲುವೆಯ ಕಡೆ ಹೊರಳುತ್ತದೆ.