‘ಇದೊಂದು ಮ್ಯಾಚ್ ಮುಗಿಸಿ ಬರ್ತೀನಿ’

(ಗುರುತು ಸಿಗದ ಹಾಗೆ ಹೆಸರು, ವಿವರ ಬದಲಿಸಿದ್ದೇನೆ.)

ಸುಧೀರ್ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ, ಮೂವತ್ತು ದಾಟಿದೆ. ಸಲಹೆಗೆಂದು ನನ್ನ ಹತ್ತಿರ ಕರೆದುಕೊಂಡು ಬಂದವರು ಹೆಂಡತಿ. “ಕುಡಿಯಲ್ಲ, ಸೇದಲ್ಲ, ದುಡ್ಡು ಕಟ್ಟಿ ಆಡಲ್ಲ. ಆದ್ರೆ ಮಲಗೋದು ರಾತ್ರಿ ಮೂರಕ್ಕೆ. ಕರೆದ್ರೆ, ಇದೊಂದು ಮ್ಯಾಚ್ ಅಂತಾರೆ” ಎಂದರು.

ಅದು ಕಂಪ್ಯೂಟರ್ ಆಟ, ಹೆಸರು ಫುಟ್‌ಬಾಲ್ ಮ್ಯಾನೇಜರ್. ಇದರಲ್ಲಿ ನೀವು ಚೆಂಡು ಒದೆಯುವುದಿಲ್ಲ. ತಂಡ ಕಟ್ಟುತ್ತೀರಿ, ಆಟಗಾರರನ್ನು ಕೊಳ್ಳುತ್ತೀರಿ, ಸಂಬಳದ ಚೌಕಾಸಿ ಮಾಡುತ್ತೀರಿ, ಪತ್ರಕರ್ತರಿಗೂ ಉತ್ತರ ಕೊಡುತ್ತೀರಿ. ಇಂಗ್ಲೆಂಡಿನ ಕಾಲಿಯರ್ ಸಹೋದರರು ಇದನ್ನು 1992ರಲ್ಲಿ ‘ಚಾಂಪಿಯನ್‌ಶಿಪ್ ಮ್ಯಾನೇಜರ್’ ಎಂದು ಶುರು ಮಾಡಿದರು. ಈಗಿನ ಹೆಸರು 2004ರಲ್ಲಿ ಬಂತು. ಪರದೆ ತುಂಬಾ ಪಟ್ಟಿ, ಅಂಕಿ. ಹೆಂಡತಿ ಎಷ್ಟೋ ದಿನ ಇದನ್ನು ಆಫೀಸ್ ಕೆಲಸ ಅಂತಲೇ ನಂಬಿದ್ದರಂತೆ!

ಆಟದ ಬಗ್ಗೆಯೇ ಹೇಳಿ ಎಂದೆ. ಮುಖ ಅರಳಿತು. ಇಂಗ್ಲೆಂಡಿನ 6ನೇ ಹಂತದ ಲೀಗ್‌ನ ಬಡ ಕ್ಲಬ್ಬೊಂದನ್ನು ಹಿಡಿದು, ಒಂದೊಂದೇ ಹಂತ ಹತ್ತಿಸಿ ಪ್ರೀಮಿಯರ್ ಲೀಗ್‌ಗೆ ತಂದಿದ್ದರು. ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದರು. ಆಟಗಾರರ ಒಂದೊಂದು ಗುಣಕ್ಕೂ 1ರಿಂದ 20ರವರೆಗೆ ಅಂಕ ಇರುತ್ತದೆ. ವೇಗ 13, ಪಾಸಿಂಗ್ 16, ಛಲ 18 ಎಂದು ದುಂಡಗೆ ಬರೆದಿಟ್ಟಿದ್ದರು. ನಿಜವಾದ ಆಟಗಾರರು ನಿವೃತ್ತರಾದಂತೆ ಆಟವೇ ಹೊಸ ಹುಡುಗರನ್ನು ಹುಟ್ಟಿಸುತ್ತದೆ. ಹಾಗೆ ಬಂದ ಹದಿನಾರರ ಒಬ್ಬನನ್ನು ಬೆಳೆಸಿ ಕ್ಯಾಪ್ಟನ್ ಮಾಡಿದ್ದರು. ಅವನು ನಿವೃತ್ತನಾದ ರಾತ್ರಿ ಊಟ ಸೇರಲಿಲ್ಲವಂತೆ. ಹೆಂಡತಿ ನಕ್ಕರು. ನನಗೆ ನಗು ಬರಲಿಲ್ಲ. ಅಷ್ಟು ಅಕ್ಕರೆಯಿಂದ ಮಾಡುವ ಇನ್ನೊಂದು ಕೆಲಸ ಈ ಮನುಷ್ಯನ ದಿನದಲ್ಲಿ ಇರಲೇ ಇಲ್ಲ.

ಆಫೀಸಿನಲ್ಲಿ ಬಡ್ತಿ ತಪ್ಪಿತ್ತು. ಕಾರಣ ಯಾರೂ ಹೇಳಿರಲಿಲ್ಲ, ಇವರೂ ಕೇಳಿರಲಿಲ್ಲ. “ಅಲ್ಲಿ ಸೋತ್ರೆ ಯಾಕೆ ಸೋತೆ ಅಂತ ಗೊತ್ತಾಗುತ್ತೆ ಮೇಡಂ” ಎಂದರು. ಆಟದ ಸೆಳೆತ ಪೂರ್ತಿ ಈ ಮಾತಿನಲ್ಲಿದೆ.

ತೊಂದರೆ ಏನೆಂದರೆ, ಈ ಆಟಕ್ಕೆ ಮುಗಿಯುವ ಜಾಗವೇ ಇಲ್ಲ. ಮ್ಯಾಚ್ ಮುಗಿಯಿತೋ, ಇನ್‌ಬಾಕ್ಸ್ ತುಂಬುತ್ತದೆ. ಒಬ್ಬನಿಗೆ ಗಾಯ, ಇನ್ನೊಬ್ಬನ ಮುನಿಸು. ಸೀಸನ್ ಮುಗಿದರೆ ಆಟಗಾರರ ಖರೀದಿ ಶುರು. ಇನ್ನೊಂದು ವಿಷಯವನ್ನು ಸುಧೀರ್ ಹಿಂಜರಿಯುತ್ತಲೇ ಒಪ್ಪಿಕೊಂಡರು: ಮುಖ್ಯ ಮ್ಯಾಚ್ ಸೋತರೆ ಸೇವ್ ಮಾಡದೆ ಮುಚ್ಚಿ, ಗೆಲ್ಲುವವರೆಗೆ ಮತ್ತೆ ಮತ್ತೆ ಆಡುತ್ತಿದ್ದರು. ನಿದ್ದೆಗೆಟ್ಟ ಗಂಟೆಗಳಿಗಿಂತ ನನಗೆ ಜಾಸ್ತಿ ಚಿಂತೆ ತಂದಿದ್ದು ಇದು.

ಇದು ಕಾಯಿಲೆಯಾ ಎಂದು ಹೆಂಡತಿ ಕೇಳಿದರು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ‘ಗೇಮಿಂಗ್ ಡಿಸಾರ್ಡರ್’ ಇದೆ, 2022ರಿಂದ ಜಾರಿಯಲ್ಲಿದೆ. ಕಾಯಿಲೆ ಎನ್ನಬೇಕಾದರೆ ಹಿಡಿತ ತಪ್ಪಿರಬೇಕು, ಉಳಿದೆಲ್ಲಕ್ಕಿಂತ ಆಟವೇ ಮೇಲಾಗಿರಬೇಕು, ನಷ್ಟ ಕಣ್ಣಿಗೆ ಕಂಡರೂ ಆಟ ನಿಂತಿರಬಾರದು. ಇದೆಲ್ಲ ಸಾಮಾನ್ಯವಾಗಿ 12 ತಿಂಗಳು ನಡೆದಿರಬೇಕು. ಸುಧೀರ್ ಆ ಹಂತಕ್ಕೆ ಹೋಗಿರಲಿಲ್ಲ. ಹೋಗಿದ್ದರೆ, ಮೊಬೈಲ್, ಗೇಮ್ ಗೀಳಿಗೆ ಚಿಕಿತ್ಸೆ ಕೊಡುವ ನಿಮ್ಹಾನ್ಸ್‌ನ ಶಟ್ ಕ್ಲಿನಿಕ್‌ಗೆ ಕಳಿಸುತ್ತಿದ್ದೆ. ದೂರದ ಊರಿನವರು 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ, ಫೋನ್ ಮಾಡಬಹುದು.

ಆಟ ಡಿಲೀಟ್ ಮಾಡಿ ಅಂತ ನಾನು ಹೇಳಲಿಲ್ಲ. ವಾರದ ದಿನ ಬೇಡ, ಆಡುವುದಾದರೆ ಶನಿವಾರ, ಭಾನುವಾರ ಹಾಲ್‌ನಲ್ಲಿ ಕೂತು ಆಡಿ ಎಂದೆ. ಮ್ಯಾಚ್ ಮುಗಿದ ತಕ್ಷಣ ಸೇವ್ ಮಾಡಿ ಮುಚ್ಚಬೇಕು. ಇನ್‌ಬಾಕ್ಸ್ ತೆರೆದರೆ ಕತೆ ಮುಗಿಯಿತು, ಅಲ್ವಾ? ಸೋತ ಮ್ಯಾಚ್ ಸೋತ ಹಾಗೇ ಉಳಿಯಬೇಕು. ಇದಕ್ಕೆ ಅವರು ತುಂಬಾ ಗೊಣಗಿದರು. ಕೊನೆಯದು, ಬಡ್ತಿ ಯಾಕೆ ತಪ್ಪಿತು ಎಂದು ಮೇಲಿನವರನ್ನು ನೇರವಾಗಿ ಕೇಳಬೇಕು. ಏನು ಕೇಳುವುದು ಎಂದು ಅದೇ ನೋಟ್‌ಬುಕ್‌ನಲ್ಲಿ ಬರೆಸಿದೆ. ಹೆಂಡತಿಗೂ ಒಂದು ಮಾತು ಹೇಳಿದೆ: ‘ಎಷ್ಟು ಹೊತ್ತು’ ಅಂತ ಬೇಡ, ‘ಏನಾಯ್ತು’ ಅಂತ ಕೇಳಿ ನೋಡಿ.

ಸುಧೀರ್ ಮೇಲಿನವರನ್ನು ಕೇಳಿದರು. ಬಡ್ತಿ ಇನ್ನೂ ಸಿಕ್ಕಿಲ್ಲ, ಆದರೆ ಯಾವುದರಲ್ಲಿ ಹಿಂದೆ ಇದ್ದಾರೆ ಎಂದು ತಿಳಿದಿದೆ. ಈಗ ಹನ್ನೆರಡಕ್ಕೆ ಮುಂಚೆ ಮಲಗುತ್ತಾರೆ. ಕ್ಲಬ್ ಪ್ರೀಮಿಯರ್ ಲೀಗ್‌ನಿಂದ ಕೆಳಗಿಳಿದಿದೆಯಂತೆ. ಭಾನುವಾರದ ಆಟವೂ ಬೇಡ ಎನ್ನುವುದು ಹೆಂಡತಿಯ ಹಠ. ಅದು ಇನ್ನೂ ಇತ್ಯರ್ಥ ಆಗಿಲ್ಲ.