ಅತ್ತೆ ಯಾವಾಗ ಹೊರಡ್ತಾರೆ?

ನನ್ನ ಹತ್ತಿರ ಸಲಹೆಗೆ ಬಂದ, ಮುಂಬೈ ಪಕ್ಕದ ಡೊಂಬಿವಲಿಯ ಗಂಡ ಹೆಂಡತಿಯ ಪ್ರಕರಣ ಇದು. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ, ಇಬ್ಬರ ಒಪ್ಪಿಗೆಯೂ ಇದೆ. ಅವರದ್ದು ಒಂದು ಬೆಡ್‌ರೂಮಿನ ಮನೆ. ಗಂಡ ಕುಂದಾಪುರದ ಕಡೆಯವರು, ಫೋರ್ಟ್‌ನಲ್ಲಿ ಅಕೌಂಟ್ಸ್ ಕೆಲಸ. ಹೆಂಡತಿ ಇಲ್ಲೇ ಹುಟ್ಟಿ ಬೆಳೆದವರು, ಠಾಣೆಯಲ್ಲಿ ಕೆಲಸ. ಗಂಡನ ಅಮ್ಮ ಮಂಡಿ ಆಪರೇಷನ್ನಿಗೆ ಅಂತ ಬಂದು ಇವರ ಮನೆಯಲ್ಲೇ ಚೇತರಿಸಿಕೊಳ್ಳುತ್ತಿದ್ದರು.

ಜಗಳ ಶುರುವಾಗಿದ್ದು ಹೆಂಡತಿ ಗಂಡನಿಗೆ ಕಳಿಸಿದ ಒಂದು ವಾಟ್ಸಾಪ್ ಮೆಸೇಜಿನಿಂದ. ‘ಅತ್ತೆ ಯಾವಾಗ ಹೊರಡ್ತಾರೆ? ಬೇಗ ಹೇಳಿ.’ ಇಷ್ಟೇ.

ಗಂಡ ಅದನ್ನು ಓದಿದ್ದು ಸಂಜೆ ಮುಂಬೈಯ ದೊಡ್ಡ ರೈಲು ನಿಲ್ದಾಣ ಸಿಎಸ್‌ಎಂಟಿಯಿಂದ ಹೊರಟ ಫಾಸ್ಟ್ ಲೋಕಲ್ಲಿನಲ್ಲಿ, ಒಂದು ಕೈಯಲ್ಲಿ ಮೇಲಿನ ಹಿಡಿಕೆ, ಇನ್ನೊಂದರಲ್ಲಿ ಮೊಬೈಲ್, ಬೆನ್ನಿಗೆ ಯಾರದ್ದೋ ಬ್ಯಾಗು. ಆಫೀಸಿನಲ್ಲಿ ಆ ದಿನ ಬೈಗುಳ ಬೇರೆ ತಿಂದಿದ್ದರು. ಅಮ್ಮ ಇವಳಿಗೆ ಭಾರವಾದಳು ಅಂತಲೇ ಅವರಿಗೆ ಅನಿಸಿತು. ಉತ್ತರ ಬರೆಯಲಿಲ್ಲ. ಮೆಸೇಜಿನ ಫೋಟೋ ತೆಗೆದು ಊರಿನಲ್ಲಿರುವ ಅಕ್ಕನಿಗೆ ಕಳಿಸಿದರು. ಅಕ್ಕ ರಾತ್ರಿಯೇ ಅಮ್ಮನಿಗೆ ಫೋನ್ ಮಾಡಿದರು. ಬೆಳಗ್ಗೆ ನೋಡಿದರೆ ಅಮ್ಮ ವಾಕರ್ ಹಿಡಿದುಕೊಂಡೇ ಸೀರೆ ಮಡಚಿ ಬ್ಯಾಗಿಗೆ ತುಂಬುತ್ತಿದ್ದರು. ಸೊಸೆ ‘ಏನಾಯ್ತು ಅತ್ತೆ?’ ಅಂದರೆ ‘ಏನಿಲ್ಲ ಮಗಾ’ ಅಂತ ಉತ್ತರ. ಆಮೇಲೆ ಮನೆಯಲ್ಲಿ ಊಟಕ್ಕೆ ಬನ್ನಿ, ಗ್ಯಾಸ್ ಬುಕ್ ಮಾಡಿ, ಅಷ್ಟೇ ಮಾತು.

ಸರಿ, ಹೆಂಡತಿ ಯಾಕೆ ಹಾಗೆ ಕೇಳಿದ್ದು? ಟಿಕೆಟ್ಟಿಗೆ. ರೈಲು ಟಿಕೆಟ್ ಮೊದಲು 120 ದಿನ ಮುಂಚೆ ಬುಕ್ ಮಾಡಬಹುದಿತ್ತು, 2024ರ ನವೆಂಬರಿನಿಂದ 60 ದಿನಕ್ಕೆ ಇಳಿಸಿದ್ದಾರೆ. ಚೌತಿ ಹತ್ತಿರ ಬಂದರೆ ಮುಂಬೈ-ಮಂಗಳೂರು ಮತ್ಸ್ಯಗಂಧ ರೈಲಿನಲ್ಲಿ ಸೀಟು ಸಿಗೋದು ಎಷ್ಟು ಕಷ್ಟ ಅಂತ ಕರಾವಳಿಯವರಿಗೆ ನಾನು ಹೇಳಬೇಕಿಲ್ಲ. ಅದರಲ್ಲೂ ಅತ್ತೆಗೆ ಲೋವರ್ ಬರ್ತೇ ಆಗಬೇಕು, ಮೇಲೆ ಹತ್ತೋಕೆ ಆಗಲ್ಲ. ಆಫೀಸಿನ ಟೀ ಬ್ರೇಕಿನಲ್ಲಿ ಆ್ಯಪ್ ತೆರೆದುಕೊಂಡು ಕೂತಿದ್ದರು, ತಾರೀಖು ಬೇಕಿತ್ತು, ಕೇಳಿದರು. ಈ ವಿವರವೆಲ್ಲ ಅವರ ತಲೆಯಲ್ಲಿತ್ತು. ಮೆಸೇಜಿನಲ್ಲಿ ಇರಲಿಲ್ಲ.

‘ಇಷ್ಟು ವರ್ಷ ಜೊತೆಗಿದ್ದೂ ನನ್ನ ಮಾತು ಇವರಿಗೆ ಗೊತ್ತಾಗಲ್ವಾ?’ ಅಂತ ಅವರು ಅತ್ತರು. ನಾನು ಒಂದು ಆಟ ಆಡಿಸಿದೆ. ನಿಮಗೆ ಚೆನ್ನಾಗಿ ಗೊತ್ತಿರೋ ಒಂದು ಹಾಡನ್ನು ಬಾಯಿ ಬಿಡದೆ ಮೇಜಿನ ಮೇಲೆ ಬೆರಳಲ್ಲಿ ಕುಟ್ಟಿ, ಇವರು ಯಾವ ಹಾಡು ಅಂತ ಹೇಳಲಿ. ಅವರು ಮನಸ್ಸಿಟ್ಟು ಕುಟ್ಟಿದರು. ಗಂಡನಿಗೆ ಕೇಳಿಸಿದ್ದು ಬರೀ ಟಕ್ ಟಕ್. ಅದಲು ಬದಲು ಮಾಡಿದರೂ ಅಷ್ಟೇ ಕತೆ. 1990ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಎಲಿಜಬೆತ್ ನ್ಯೂಟನ್ ಎಂಬಾಕೆ ಇದನ್ನೇ ಪ್ರಯೋಗವಾಗಿ ಮಾಡಿದ್ದರು. 120 ಹಾಡು ಕುಟ್ಟಿದರೆ ಕೇಳುವವರಿಗೆ ಗೊತ್ತಾಗಿದ್ದು 3. ಕುಟ್ಟಿದವರೋ, ಅರ್ಧದಷ್ಟಾದರೂ ಗೊತ್ತಾಗುತ್ತೆ ಅಂತ ಅಂದುಕೊಂಡಿದ್ದರು! ಹಾಡು ತಲೆಯೊಳಗೆ ಕೇಳಿಸುತ್ತಾ ಇರುವಾಗ ಎದುರಿನವರಿಗೆ ಕೇಳಿಸುತ್ತಿಲ್ಲ ಅನ್ನೋದು ನಂಬೋಕೇ ಆಗಲ್ಲ. ಇಬ್ಬರೂ ನಕ್ಕರು. ಒಂದೇ ಕೋಣೆಯಲ್ಲಿ ನಕ್ಕು ತುಂಬ ದಿನ ಆಗಿತ್ತಂತೆ.

ಆದರೆ ಮೆಸೇಜಿನ ಅರ್ಥ ಬಿಡಿಸಿಕೊಂಡು ‘ಓ, ಟಿಕೆಟ್ಟಾ!’ ಅಂತ ಮನೆಗೆ ಹೋಗಿಬಿಟ್ಟರೆ ಸಾಲದು. ಸಾಮಾನ್ಯವಾಗಿ ಎಲ್ಲರೂ ನಿಲ್ಲಿಸೋದು ಅಲ್ಲೇ. ನಾನು ಹೆಂಡತಿಯನ್ನು ನೇರ ಕೇಳಿದೆ, ಅತ್ತೆ ಇರೋದು ನಿಮಗೆ ಕಷ್ಟ ಆಗ್ತಿದೆಯಾ? ಸ್ವಲ್ಪ ಹೊತ್ತು ಸುಮ್ಮನಿದ್ದು ಹೌದು ಅಂದರು. ಬೆಳಗ್ಗೆ ಬೇಗ ಎದ್ದು ಅತ್ತೆಗೆ ಬಿಸಿನೀರು, ತಿಂಡಿ, ಮಾತ್ರೆ, ಆಮೇಲೆ ಓಡಿ ಲೋಕಲ್ ಹಿಡಿಯಬೇಕು. ಸಂಜೆ ಬಂದು ಫಿಸಿಯೋ ವ್ಯಾಯಾಮ ಮಾಡಿಸಬೇಕು. ಗಂಡ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಗಂಡನಿಗೆ ಮೆಸೇಜಿನಲ್ಲಿ ಕಂಡ ಬೇಸರ ಪೂರ್ತಿ ಸುಳ್ಳೇನಲ್ಲ ಅಂದಹಾಗಾಯ್ತು. ಬೇಸರ ಇತ್ತು, ಅತ್ತೆಯ ಮೇಲಲ್ಲ, ಗಂಡನ ಮೇಲೆ.

‘ಮನಸ್ಸು ಬಿಚ್ಚಿ ಮಾತಾಡಿ’ ಅನ್ನೋ ಸಲಹೆ ನಾನು ಯಾರಿಗೂ ಕೊಡಲ್ಲ, ಅದರಿಂದ ಏನು ಮಾಡಬೇಕು ಅಂತಲೇ ಗೊತ್ತಾಗಲ್ಲ. ಇವರಿಗೆ ಕೊಟ್ಟ ಸಲಹೆ ಹೀಗಿತ್ತು. ಹೆಂಡತಿಗೆ: ಪ್ರಶ್ನೆಗೆ ಮುಂಚೆ ಕಾರಣ ಬರೆಯಿರಿ. ‘ಲೋವರ್ ಬರ್ತ್ ಬುಕ್ ಮಾಡ್ತಿದೀನಿ, ಅತ್ತೆಗೆ ಯಾವ ತಾರೀಖು ಆಗುತ್ತೆ?’ ಅಂದಿದ್ದರೆ ಜಗಳವೇ ಇರಲಿಲ್ಲ. ದಣಿವಾಗಿದ್ದರೆ ‘ನಿಮಗೆ ಜವಾಬ್ದಾರಿನೇ ಇಲ್ಲ’ ಅನ್ನೋ ಬದಲು ‘ಬೆಳಗ್ಗೆ ನನ್ನ ಕೈಯಲ್ಲಿ ಆಗ್ತಿಲ್ಲ, ಬಿಸಿನೀರು, ಮಾತ್ರೆ ನೀವು ನೋಡ್ಕೊಳ್ಳಿ’ ಅಂತ ಕೆಲಸದ ಹೆಸರು ಹಿಡಿದು ಕೇಳಿ. ಗಂಡನಿಗೆ: ಚುಚ್ಚಿದ ಮೆಸೇಜಿಗೆ ರೈಲಿನಲ್ಲಿ ನಿಂತು ಅರ್ಥ ಕಟ್ಟಬೇಡಿ, ಇಳಿದ ಮೇಲೆ ಫೋನ್ ಮಾಡಿ. ‘ನನಗೆ ಹೀಗೆ ಅರ್ಥ ಆಯ್ತು, ಹೌದಾ?’ ಅಂತ ಮೊದಲು ಕೇಳಿ. ಪೈಲಟ್‌ಗಳು ಕಂಟ್ರೋಲ್ ಟವರಿನವರು ಕೊಟ್ಟ ಸೂಚನೆಯನ್ನು ವಾಪಸ್ ಓದಿ ಹೇಳೋದು ಇದಕ್ಕೇ. ಮತ್ತೆ, ಹೆಂಡತಿ ನಿಮಗೆ ಬರೆದಿದ್ದನ್ನು ಮೂರನೆಯವರಿಗೆ ಕಳಿಸೋದು ಪೂರ್ತಿ ಬಂದ್. ಅಕ್ಕನೇ ಆಗಲಿ. ಈ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗೇ ಹೇಳಿದೆ.

ಇಷ್ಟೆಲ್ಲ ಆದ ಮೇಲೆ ಇನ್ನೊಂದು ಹೊಳೆಯಿತು. ಅಮ್ಮ ಹೊರಡುವ ಬಗ್ಗೆ ಗಂಡ, ಹೆಂಡತಿ, ಅಕ್ಕ ಎಲ್ಲರಿಗೂ ಅಭಿಪ್ರಾಯ ಇತ್ತು, ಅಮ್ಮನನ್ನು ಯಾರೂ ಕೇಳಿರಲಿಲ್ಲ. ಆ ರಾತ್ರಿ ಇಬ್ಬರೂ ಕೂತು ಕೇಳಿದರಂತೆ. ‘ನಂಗ್ ಊರಿಗ್ ಹೋಯ್ಕ್ ಅಂತ ಎಷ್ಟ್ ದಿನ ಆಯ್ತು, ನಿಂಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ’ ಅಂದರಂತೆ ಮಗನಿಗೆ. ಡಾಕ್ಟರಿಗೆ ಇನ್ನೊಮ್ಮೆ ತೋರಿಸಿ, ಚೌತಿಗೆ ಮುಂಚೆ ಹೋಗೋದು ಅಂತ ಅವರೇ ತಾರೀಖು ಹೇಳಿದರು. ಲೋವರ್ ಬರ್ತ್ ಸಿಕ್ಕಿದೆ. ಬೆಳಗಿನ ಬಿಸಿನೀರು, ಮಾತ್ರೆ ಈಗ ಮಗನ ಪಾಲಿಗೆ, ಮರೆಯೋದೂ ಉಂಟು, ಅದಕ್ಕೆ ಬೈಸಿಕೊಳ್ಳೋದೂ ಉಂಟು.

ಊರಿನ ಅಕ್ಕ ಮಾತ್ರ ಇನ್ನೂ ತಮ್ಮನ ಹೆಂಡತಿಯ ಹತ್ತಿರ ಮಾತಾಡುತ್ತಿಲ್ಲ. ಆ ಫೋನ್ ಹೆಂಡತಿ ಮಾಡೋದಲ್ಲ, ಫೋಟೋ ಕಳಿಸಿದವರೇ ಮಾಡಬೇಕು ಅಂತ ಗಂಡನಿಗೆ ಹೇಳಿದ್ದೇನೆ. ‘ಈ ಭಾನುವಾರ ಮಾಡ್ತೀನಿ’ ಅಂತಾರೆ. ಪ್ರತಿ ಸಲವೂ ಅದನ್ನೇ ಅಂತಾರೆ.